ನಗೆಯೊಳಗಿನ ನಿಷ್ಠೆ

ಕ್ರಾಂತಿಕಾರನೆಂದೊಡನೆ ನಮ್ಮ ಕಣ್ಣ ಮುಂದೆ ಒಂದು ಗಂಭೀರ ಮೂರ್ತಿ ನಿಲ್ಲುತ್ತದೆ. ಬಿಗಿದ ಹುಬ್ಬು, ಎತ್ತಿದ ಕೈ, ಕೊರಳಲ್ಲಿ ಹೂವಿನ ಹಾರ. ಅವನು ನಕ್ಕಿದ್ದನೇ, ಎಡವಿದ್ದನೇ, ಹಸಿದಾಗ ಏನು ತಿಂದನು ಎಂದು ಕೇಳಲು ನಮಗೆ ಧೈರ್ಯವಾಗುವುದಿಲ್ಲ. ಈ ಧೈರ್ಯ ನನಗೆ ಬಂದುದು ಒಂದು ವಿಚಿತ್ರವಾದ ದಾರಿಯಿಂದ. ಕಳೆದ ರಜೆಯಲ್ಲಿ ಚಿಕ್ಕೇರೂರಿನ ನಮ್ಮ ಮನೆಯಲ್ಲಿ ನನ್ನ ತಮ್ಮನು ‘ಗಿಂತಾಮ’ ಎಂಬ ಜಪಾನಿನ ವ್ಯಂಗ್ಯ ಚಿತ್ರಮಾಲೆಯನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದನು. “ಅಣ್ಣಾ, ಇವ ಎಂಥಾ ಹುಚ್ಚಪ್ಪ ನೋಡು! ಇಂಥವ್ರಿಂದ ಎಲ್ಲೆರೆ ಕ್ರಾಂತಿ ಆಗತೈತೇನು?” ಎಂದನು. ನಾನೂ ನೋಡಿದೆನು, ನಕ್ಕೆನು. ಆದರೆ ಅವನ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಮೊದಲು ಆ ಕಥೆಯ ಸ್ವರೂಪವನ್ನು ಹೇಳಬೇಕು. ಹಿದೆಆಕಿ ಸೊರಾಚಿ ಎಂಬ ಚಿತ್ರಕಾರನು 2003ರ ಕೊನೆಯಲ್ಲಿ ಜಪಾನಿನ ವಾರಪತ್ರಿಕೆಯೊಂದರಲ್ಲಿ ಇದನ್ನು ಚಿತ್ರಕಥೆಯಾಗಿ ಆರಂಭಿಸಿದನು. 2006ರಲ್ಲಿ ಇದು ದೂರದರ್ಶನದ ತೆರೆಗೆ ಬಂದಿತು. ಕಥೆಯ ಜಪಾನನ್ನು ಬೇರೆ ಲೋಕದಿಂದ ಬಂದ ಪರಕೀಯರು ಗೆದ್ದುಕೊಂಡಿದ್ದಾರೆ. ಸಮುರಾಯ್ ಯೋಧರು ಖಡ್ಗ ಧರಿಸಬಾರದೆಂದು ಆಜ್ಞೆಯಾಗಿದೆ. ಈ ಆಳ್ವಿಕೆಗೆ ತಲೆಬಾಗದ ಬಂಡಾಯಗಾರರಲ್ಲಿ ಕತ್ಸುರ ಕೊತಾರೊ ಎಂಬವನೊಬ್ಬನು. ನೀಳಗೂದಲು, ಗಂಭೀರ ಮುಖ, ಮಾತೆಲ್ಲ ದೇಶೋದ್ಧಾರದ್ದು. ಆದರೆ ಅವನ ಬೆನ್ನಿಗೆ ಬಾತುಕೋಳಿಯಂಥ ಬಿಳಿಯ ಪ್ರಾಣಿಯೊಂದು ಸದಾ ಇರುತ್ತದೆ. ಅದು ಬಾಯಿಬಿಟ್ಟು ಮಾತನಾಡದೆ ಹಲಗೆಯ ಮೇಲೆ ಬರೆದು ತೋರಿಸುತ್ತದೆ. ಗೆಳೆಯರು ಅವನ ಹೆಸರನ್ನು ಮುರಿದು, ಕೃತಕ ಕೂದಲಿನ ಟೊಪ್ಪಿಗೆ ಎಂಬ ಅರ್ಥ ಬರುವಂತೆ ‘ಜುರ’ ಎಂದು ಕರೆಯುತ್ತಾರೆ. ಅವನು ಪ್ರತಿ ಸಲವೂ, ಪ್ರಾಣಸಂಕಟದ ನಡುವೆಯೂ, ತನ್ನ ಹೆಸರು ಕತ್ಸುರ ಎಂದು ತಿದ್ದುತ್ತಾನೆ.

ಈ ಹಾಸ್ಯ ನಮಗೆ ಹೊಸದಲ್ಲ. ನಮ್ಮ ಕಡೆಯ ದೊಡ್ಡಾಟವನ್ನು ನೆನೆಯಿರಿ. ಕಿರೀಟ ಭುಜಕೀರ್ತಿಗಳನ್ನು ಧರಿಸಿದ ವೀರನು ರಂಗಕ್ಕೆ ಬಂದೊಡನೆ ಸಾರಥಿಯು ಎದುರು ನಿಂತು ಅವನ ಹೆಸರನ್ನೂ ಊರನ್ನೂ ವಿಚಾರಿಸುತ್ತಾನೆ. ಬೇಕೆಂದೇ ತಪ್ಪಾಗಿ ಕೇಳಿಸಿಕೊಂಡು ಜನರನ್ನು ನಗಿಸುತ್ತಾನೆ. ಇದರಿಂದ ವೀರನ ಮಾನ ಹೋಗುವುದಿಲ್ಲ. ಬದಲಾಗಿ ಅವನು ಮುಗಿಲಿನಿಂದಿಳಿದು ನಮ್ಮ ಓಣಿಯವನಾಗುತ್ತಾನೆ. ಕತ್ಸುರನ ವಿಶೇಷವೆಂದರೆ ಸಾರಥಿಯೂ ಅವನೇ, ವೀರನೂ ಅವನೇ.

ಈ ಪಾತ್ರದ ಹಿಂದೆ ಚರಿತ್ರೆಯ ಪುರುಷನೊಬ್ಬನಿದ್ದಾನೆ. ಅವನ ಹೆಸರು ಕತ್ಸುರ ಕೊಗೊರೊ. 1833ರಲ್ಲಿ ಚೋಷು ಸಂಸ್ಥಾನದ ಹಾಗಿ ಪಟ್ಟಣದಲ್ಲಿ ಹುಟ್ಟಿದವನು. 1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಜಪಾನಿನ ಬಾಗಿಲು ಬಡಿದ ಮೇಲೆ ಎದ್ದ ಕ್ಷೋಭೆಯಲ್ಲಿ ಇವನೂ ಸೇರಿದನು. ಕತ್ತಿವರಸೆಯಲ್ಲಿ ಪಳಗಿದ್ದರೂ ಇವನಿಗೆ ಬಂದ ಅಡ್ಡಹೆಸರು ‘ಓಡಿಹೋಗುವ ಕೊಗೊರೊ’ ಎಂದು! 1864ರಲ್ಲಿ ಕ್ಯೋಟೊ ನಗರದಲ್ಲಿ ಇವನ ಸಂಗಡಿಗರು ಹತರಾದಾಗ ಇವನು ತಪ್ಪಿಸಿಕೊಂಡನು. ಭಿಕ್ಷುಕನ ವೇಷದಲ್ಲಿ ಸೇತುವೆಯ ಕೆಳಗೆ ಅಡಗಿದ್ದಾಗ ಪ್ರಿಯೆಯೊಬ್ಬಳು ಅನ್ನದ ಉಂಡೆ ತಂದುಕೊಡುತ್ತಿದ್ದಳೆಂದು ಅಲ್ಲಿಯ ಜನರು ಕಥೆ ಹೇಳುತ್ತಾರೆ. ಹೀಗೆ ಉಳಿದವನೇ ಮುಂದೆ ಕಿದೊ ತಕಾಯೊಷಿ ಎಂಬ ಹೆಸರಿನಿಂದ 1868ರ ಹೊಸ ಸರಕಾರದ ಶಿಲ್ಪಿಗಳಲ್ಲೊಬ್ಬನಾದನು. 1871ರಲ್ಲಿ ಸಂಸ್ಥಾನಗಳನ್ನು ರದ್ದುಗೊಳಿಸುವಲ್ಲಿ ದುಡಿದು, 1877ರಲ್ಲಿ ತೀರಿಕೊಂಡನು. ಖಡ್ಗ ಧರಿಸುವುದನ್ನು 1876ರಲ್ಲಿ ನಿಷೇಧಿಸಿದುದು ಪರಕೀಯರಲ್ಲ, ಈ ಹೊಸ ಸರಕಾರವೇ. ಕಥೆಗಾರನ ವ್ಯಂಗ್ಯದ ಮೊನೆ ಇಲ್ಲಿದೆ.

ಚಿತ್ರಮಾಲೆಯ ಕತ್ಸುರನು ಮೊದಲು ಬಾಂಬಿನ ಮಾರ್ಗದವನು; ಪರಕೀಯರ ರಾಯಭಾರ ಕಚೇರಿಯನ್ನೇ ಸಿಡಿಸಲು ಹೊರಟವನು. ಹಳೆಯ ಗೆಳೆಯರ ಸಹವಾಸದಿಂದ ಅವನ ಮನಸ್ಸು ನಿಧಾನವಾಗಿ ತಿರುಗುತ್ತದೆ. ಅವನೊಡನೆ ಓದಿದ ತಕಾಸುಗಿ ಎಂಬವನು ಲೋಕವನ್ನೇ ಸುಟ್ಟುಬಿಡುವೆನೆನ್ನುತ್ತಾನೆ. ಕತ್ಸುರನು ಅವನಿಂದ ದೂರವಾಗುತ್ತಾನೆ. ಈ ಊರಿನಲ್ಲಿ ತಾನು ಪ್ರೀತಿಸುವ ಜನರಿದ್ದಾರೆ, ಅವರನ್ನು ಸುಟ್ಟು ಉಳಿಸಿಕೊಳ್ಳುವ ದೇಶ ಯಾವುದು ಎಂಬುದು ಅವನ ನಿಲುವು. ಆದುದರಿಂದ ಬಂಡಾಯಗಾರನನ್ನು ಅಳೆಯಬೇಕಾದುದು ಅವನ ಕೋಪದಿಂದಲ್ಲ, ತನಗೆ ತಾನೇ ಹಾಕಿಕೊಂಡ ಗೆರೆಯಿಂದ ಎಂದು ನನಗೆ ತೋರಿತು.

ಹೀಗೆ ಯೋಚಿಸುತ್ತಿದ್ದಾಗ ಇಂಥ ಗೆರೆ ಎಳೆದುಕೊಂಡವರೊಬ್ಬರು ನಮ್ಮ ಜಿಲ್ಲೆಯಲ್ಲಿಯೇ ಇದ್ದರೆಂಬುದು ನೆನಪಾಯಿತು. ನಮ್ಮೂರಿನವರು ರೈಲು ಹಿಡಿಯಲು ಹಾವೇರಿಗೆ ಹೋಗುವುದುಂಟು. ಆ ನಿಲ್ದಾಣದ ಫಲಕದ ಮೇಲೆ ಮೈಲಾರ ಮಹಾದೇವಪ್ಪನವರ ಹೆಸರಿದೆ. ನಾನು ಎಷ್ಟೋ ಸಲ ಅದರ ಕೆಳಗೆ ನಿಂತು ಗಾಡಿಯ ವೇಳೆಯನ್ನಷ್ಟೇ ನೋಡಿದ್ದೇನೆ. ಈ ಮಾತು ಬರೆಯಲು ನಾಚಿಕೆಯಾಗುತ್ತದೆ.

ಮಹಾದೇವಪ್ಪನವರು 1911ರಲ್ಲಿ ಮೋಟೆಬೆನ್ನೂರಿನಲ್ಲಿ ಹುಟ್ಟಿದರು. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಾಂಡಿಗೆ ಹೊರಟಾಗ ಜೊತೆಗಿದ್ದ 78 ಜನರಲ್ಲಿ ಕರ್ನಾಟಕದಿಂದ ಇದ್ದವರು ಇವರೊಬ್ಬರೇ. ಆಗ ಅವರಿಗೆ 18 ವರುಷ. ಅಂದರೆ ನಮ್ಮ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯ ವಯಸ್ಸು! ಒಂದು ಹಿಡಿ ಉಪ್ಪಿಗಾಗಿ ಇನ್ನೂರನಲವತ್ತು ಮೈಲಿ ನಡೆಯುವವರನ್ನು ಕಂಡು ಅಂದಿನ ಜಾಣರು ನಗಲಿಲ್ಲವೆ? ಸಾಮ್ರಾಜ್ಯವನ್ನು ಉಪ್ಪಿನಿಂದ ಅಲುಗಿಸುವೆನೆಂಬುದು ಹುಚ್ಚಪ್ಪನ ಮಾತಿನಂತೆಯೇ ಕೇಳಿಸಿರಬೇಕು.

ಊರಿಗೆ ಮರಳಿದ ಮೇಲೆ ಅವರು ಕೊರಡೂರಿನಲ್ಲಿ ಸೇವಾಶ್ರಮವನ್ನು ಕಟ್ಟಿ ಹಳ್ಳಿಗರ ನಡುವೆ ದುಡಿದರು. ಪತ್ನಿ ಸಿದ್ಧಮ್ಮನವರೂ ಹೋರಾಟದಲ್ಲಿ ಜೊತೆಗಿದ್ದರು. 1942ರ ‘ಚಲೇಜಾವ್’ ಚಳವಳಿಯಲ್ಲಿ ಮಹಾದೇವಪ್ಪನವರು ಭೂಗತರಾಗಿ ಸರಕಾರದ ಆಡಳಿತ ನಡೆಯದಂತೆ ಮಾಡತೊಡಗಿದರು. ಆಸ್ತಿಗೆ ಪೆಟ್ಟು ಬಿದ್ದರೂ ಪ್ರಾಣಕ್ಕೆ ಪೆಟ್ಟು ಬೀಳಬಾರದೆಂಬುದು ಅವರ ಕಟ್ಟಳೆಯಾಗಿತ್ತೆಂದು ನಮ್ಮ ಕಡೆಯ ಹಿರಿಯರು ಇಂದಿಗೂ ಹೇಳುತ್ತಾರೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಕಂದಾಯದ ಹಣವಿಟ್ಟಿದ್ದ ಸ್ಥಳದ ಮೇಲೆ ನಡೆದ ದಾಳಿಯಲ್ಲಿ, ಪೋಲೀಸರ ಗುಂಡಿಗೆ ಅವರು ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಎಂಬ ಸಂಗಡಿಗರೂ ಬಿದ್ದರು. ಮಹಾದೇವಪ್ಪನವರಿಗೆ 32 ತುಂಬಿರಲಿಲ್ಲ.

ಒಬ್ಬನು ಓಡಿ ಉಳಿದನು, ಇನ್ನೊಬ್ಬರು ಮುನ್ನುಗ್ಗಿ ಮಡಿದರು. ಇವರಲ್ಲಿ ದೊಡ್ಡವರು ಯಾರೆಂದು ತೂಗುವುದು ನನ್ನ ಉದ್ದೇಶವಲ್ಲ. ನನ್ನನ್ನು ಕಾಡುವುದು ಬೇರೊಂದು ಸಂಗತಿ. ಜಪಾನಿನವರು ತಮ್ಮ ವೀರನನ್ನು ನಗೆಗೀಡುಮಾಡಿದರು. ಆದುದರಿಂದಲೇ ಚಿಕ್ಕೇರೂರಿನ ಹುಡುಗನೊಬ್ಬನಿಗೂ ಅವನ ಹೆಸರು ಗೊತ್ತು. ನಾವು ನಮ್ಮ ವೀರನನ್ನು ಗೌರವದಿಂದ ಫಲಕಕ್ಕೇರಿಸಿದೆವು. ಆಮೇಲೆ ತಲೆಯೆತ್ತಿ ನೋಡುವುದನ್ನು ಮರೆತೆವು. ಗೌರವ ಬೇಡವೆಂದು ನಾನು ಹೇಳುತ್ತಿಲ್ಲ. ಹಾಸ್ಯವು ಧ್ಯೇಯವನ್ನೇ ನುಂಗಿದರೆ ಅದು ಬರಿಯ ಗೇಲಿಯಾದೀತೆಂಬುದನ್ನೂ ಬಲ್ಲೆ. ಆದರೆ ಕಾಲು ಬೊಬ್ಬೆಯೆದ್ದ, ಮನೆಯನ್ನು ನೆನೆದ, ಗೆಳೆಯರೊಡನೆ ನಕ್ಕ ಹದಿನೆಂಟರ ಹುಡುಗನನ್ನಾಗಿ ಅವರನ್ನು ಊಹಿಸದಿದ್ದರೆ ಅವರು ನಮಗೆ ದಾರಿ ತೋರುವುದಾದರೂ ಹೇಗೆ?

ಮೊನ್ನೆ ತಮ್ಮನಿಗೆ ಹೊಸರಿತ್ತಿಯ ಕಥೆಯನ್ನು ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ರು ದಾಂಡಿಗೆ ಹೋಗುಮುಂದ ಮನ್ಯಾಗ ಬೈದಿರಬೇಕಲ್ಲ ಅಣ್ಣಾ?” ಎಂದು ಕೇಳಿದನು. ಅವನ ಕಣ್ಣಿಗೆ ಫಲಕದ ಹೆಸರು ಮನುಷ್ಯನಾಗಿತ್ತು. ಅವನ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಆಗುತ್ತದೆ ತಮ್ಮಾ, ಅನೇಕ ಸಲ ಇಂಥವರಿಂದಲೇ ಆಗಿದೆ.