ಸದಾ ಉರಿಯುವ ಎಚ್ಚರಿಕೆ ದೀಪ: ಚಕ್ರ ಬದಲಿಸಿದ ಮೇಲೆ ಕಾರು ಏನು ಹೇಳುತ್ತದೆ?

ತರಗತಿ: 9 ಮತ್ತು 10
ಪಾಠದ ಸಂಬಂಧ: ಅನಿಲದ ಒತ್ತಡ ಮತ್ತು ಉಷ್ಣತೆ, ವೃತ್ತದ ಪರಿಧಿ
ಬೇಕಾದ ವಸ್ತು: ಒಂದು ಸೈಕಲ್, ಗಾಳಿ ಪಂಪು, ಸೀಮೆಸುಣ್ಣ, ಅಳತೆ ಟೇಪು



ಈ ಪಾಠ ನನ್ನದೇ ತಪ್ಪಿನಿಂದ ಹುಟ್ಟಿದ್ದು. ವಿಜ್ಞಾನ ಪ್ರದರ್ಶನಕ್ಕೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೊರಟಿದ್ದೆ. ದಿಂಬಂ ಘಟ್ಟದ 27 ತಿರುವು ಇಳಿಯುವಾಗ ಸ್ಟೀರಿಂಗ್ ಎಡಕ್ಕೆ ಎಳೆಯತೊಡಗಿತು. ರಸ್ತೆ ಹಾಗಿದೆ ಅಂದುಕೊಂಡೆ. ಬಣ್ಣಾರಿಯಲ್ಲಿ ಇಳಿದು ನೋಡಿದರೆ ಮುಂದಿನ ಎಡ ಟೈರಿಗೆ ಮೊಳೆ ಹೊಕ್ಕಿದೆ. 33 ಪಿಎಸ್‌ಐ ಇರಬೇಕಾದ ಕಡೆ 14 ಇದೆ. ಕೆಳಗೆ ಇಳಿದದ್ದೇ ಪುಣ್ಯ.

"ಕಾರಿನಲ್ಲಿ ಎಚ್ಚರಿಕೆ ದೀಪ ಇದೆಯಲ್ಲ ಸಾರ್, ಅದು ಹೇಳಲಿಲ್ವಾ?" ಅಂದ ಒಬ್ಬ. ಇನ್ನೊಬ್ಬಳು ತಕ್ಷಣ, "ಅದು ದಿನಾ ಉರೀತಾನೇ ಇರುತ್ತೆ ಕಣೋ. ಇವತ್ತು ಮಾತ್ರ ನಿಜ ಹೇಳ್ತಿದೆ ಅಂತ ಸಾರ್‌ಗೆ ಹೇಗೆ ಗೊತ್ತಾಗ್ಬೇಕು?" ಅಂದಳು.

ಅವಳು ಹೇಳಿದ್ದು ಸರಿ. ನಾಲ್ಕು ತಿಂಗಳ ಹಿಂದೆ ಹಳೇ ಚಕ್ರ ತೆಗೆಸಿ ಅಲಾಯ್ ಚಕ್ರ ಹಾಕಿಸಿದ್ದೆ. ಅಂದಿನಿಂದ ಆ ದೀಪ ಹತ್ತಿಕೊಂಡೇ ಇತ್ತು. ಅಂಗಡಿಯವರು, "ಲೈಟು ಬರುತ್ತೆ ಸಾರ್, ಅದ್ರಿಂದ ಏನೂ ಆಗಲ್ಲ" ಅಂದಿದ್ದರು. ನಾನೂ ಸುಮ್ಮನಾಗಿದ್ದೆ.

ದೀಪ ಎರಡು ಮಾತು ಆಡುತ್ತದೆ

ಕುದುರೆ ಲಾಳದಂಥ ಚಿತ್ರ, ಅದರೊಳಗೆ ಉದ್ಗಾರ ಚಿಹ್ನೆ: ಇದೇ ಟೈರಿನ ಒತ್ತಡದ ದೀಪ. ಬಹಳಷ್ಟು ಕಾರುಗಳಲ್ಲಿ ಇದಕ್ಕೆ ಎರಡು ಅರ್ಥ. ಹತ್ತಿ ಹಾಗೇ ನಿಂತರೆ, ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ. ಕಾರು ಚಾಲು ಮಾಡಿದಾಗ ಒಂದು, ಒಂದೂವರೆ ನಿಮಿಷ ಮಿನುಗಿ ಆಮೇಲೆ ನಿಂತರೆ, ಗಾಳಿಯ ವಿಷಯವಲ್ಲ, ಅಳೆಯುವ ವ್ಯವಸ್ಥೆಯೇ ಕೆಲಸ ಮಾಡುತ್ತಿಲ್ಲ ಎಂದು. ನನ್ನ ಕಾರು ದಿನಾ ಬೆಳಗ್ಗೆ ಮಿನುಗುತ್ತಿತ್ತು. ನಾನು ಎಣಿಸಿ ನೋಡಲಿಲ್ಲ ಅಷ್ಟೆ.

ಕಾರಿಗೆ ಗಾಳಿ ಹೇಗೆ ತಿಳಿಯುತ್ತದೆ?

ವಿಧಾನ ಎರಡು.

1. ನೇರ ವಿಧಾನ. ಪ್ರತಿ ಚಕ್ರದ ಒಳಗೆ, ವಾಲ್ವಿನ ಬುಡದಲ್ಲಿ, ಬ್ಯಾಟರಿ ಇರುವ ಪುಟ್ಟ ಸೆನ್ಸರ್ ಇರುತ್ತದೆ. ಒತ್ತಡ ಅಳೆದು ರೇಡಿಯೋ ಅಲೆಯಲ್ಲಿ ಕಳಿಸುತ್ತದೆ. ಪ್ರತಿ ಸೆನ್ಸರ್‌ಗೂ ತನ್ನದೇ ಗುರುತಿನ ಸಂಖ್ಯೆ ಇದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರ ಉತ್ತರವನ್ನು ಮಾತ್ರ ನಾವು ಕೇಳಿಸಿಕೊಳ್ಳುವ ಹಾಗೆ, ಕಾರೂ ತನ್ನ ನೆನಪಿನಲ್ಲಿರುವ ಸಂಖ್ಯೆಗಳಿಗೆ ಮಾತ್ರ ಕಿವಿಗೊಡುತ್ತದೆ.

ನನ್ನ ಕಾರಿನದು ಈ ವಿಧಾನ. ಹಳೇ ಚಕ್ರಗಳು, ಅವುಗಳ ಸೆನ್ಸರ್ ಸಮೇತ, ನಮ್ಮ ಮನೆ ಅಟ್ಟದ ಮೇಲೆ ಮಲಗಿದ್ದವು. ಘಟ್ಟ ಇಳಿಯುವಾಗ ಕಾರು ಕಾಯುತ್ತಿದ್ದದ್ದು ಅಟ್ಟದ ಮೇಲಿದ್ದವರ ಉತ್ತರಕ್ಕೆ!

2. ಪರೋಕ್ಷ ವಿಧಾನ. ಇಲ್ಲಿ ಟೈರಿನೊಳಗೆ ಏನೂ ಇಲ್ಲ. ಬ್ರೇಕಿನ ಎಬಿಎಸ್ ವ್ಯವಸ್ಥೆ ಹೇಗೂ ಪ್ರತಿ ಚಕ್ರದ ವೇಗ ಅಳೆಯುತ್ತದೆ. ಗಾಳಿ ಇಳಿದ ಟೈರು ಸ್ವಲ್ಪ ಚಪ್ಪಟೆಯಾಗಿ, ಅದೇ ದೂರಕ್ಕೆ ಸ್ವಲ್ಪ ಹೆಚ್ಚು ಸುತ್ತು ಸುತ್ತುತ್ತದೆ. ಆ ವ್ಯತ್ಯಾಸ ನೋಡಿ ಕಾರು ದೀಪ ಹತ್ತಿಸುತ್ತದೆ.

ಚಟುವಟಿಕೆ: ಸೈಕಲ್ಲಿನಲ್ಲಿ ನೋಡೋಣ

ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಟ್ಟಿಯಾಗಿ ಗಾಳಿ ತುಂಬಿ. ಟೈರಿನ ಮೇಲೂ ಅದರ ಕೆಳಗೆ ನೆಲದ ಮೇಲೂ ಸೀಮೆಸುಣ್ಣದ ಗುರುತು ಹಾಕಿ. ಒಬ್ಬ ವಿದ್ಯಾರ್ಥಿ ಸೀಟಿನ ಮೇಲೆ ಕೂರಲಿ, ಇಬ್ಬರು ಆ ಕಡೆ ಈ ಕಡೆ ಹಿಡಿದು ನೇರವಾಗಿ ತಳ್ಳಲಿ. ಚಕ್ರ 10 ಸುತ್ತು ಸುತ್ತಿದಾಗ ಎಷ್ಟು ದೂರ ಹೋಯಿತು, ಅಳೆದು ಬರೆದುಕೊಳ್ಳಿ. ಈಗ ಅರ್ಧದಷ್ಟು ಗಾಳಿ ಬಿಟ್ಟು ಅದೇ ವಿದ್ಯಾರ್ಥಿಯನ್ನು ಕೂರಿಸಿ ಮತ್ತೆ ಅಳೆಯಿರಿ. ದೂರ ಕಡಿಮೆ ಬರುತ್ತದೆ. ಒಂದು ಸುತ್ತಿನಲ್ಲಿ ವ್ಯತ್ಯಾಸ ತೀರಾ ಸಣ್ಣದು, ಹತ್ತು ಸುತ್ತಿನಲ್ಲಿ ಟೇಪಿಗೆ ಸಿಗುತ್ತದೆ. ಕಾರು ಮಾಡುವುದೂ ಇದೇ ಲೆಕ್ಕ.

ಈಗ ಕೇಳಿ: ನಾಲ್ಕೂ ಚಕ್ರ ಬದಲಾಗಿ ಹೊಸವುಗಳ ಸುತ್ತಳತೆ ಬೇರೆಯಾದರೆ? ಹಳೇ ಅಳತೆಗೆ ಹೋಲಿಸಿದ ಕಾರು ತಪ್ಪು ತಿಳಿಯಬಹುದು. ಅದಕ್ಕೇ ಚಕ್ರ ಬದಲಿಸಿದಾಗಲೆಲ್ಲ ಸರಿಯಾಗಿ ಗಾಳಿ ತುಂಬಿ ರೀಸೆಟ್ ಒತ್ತಬೇಕು. ಗಾಳಿ ಕಡಿಮೆ ಇರುವಾಗಲೇ ಒತ್ತಿದರೆ, ಕಾರು ಆ ಕಡಿಮೆಯನ್ನೇ ಸರಿ ಎಂದು ಕಲಿತುಬಿಡುತ್ತದೆ!

ಚಳಿ ದೇಶದ ಪಾಠ

ಜರ್ಮನಿ, ಸ್ವೀಡನ್, ಕೆನಡಾದಂಥ ಕಡೆ ಚಳಿಗಾಲಕ್ಕೆ ಬೇರೆ ಟೈರು, ಬೇಸಿಗೆಗೆ ಬೇರೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಹಾಗಾಗಿ ಬಹಳ ಮನೆಗಳಲ್ಲಿ ಎರಡು ಜೊತೆ ಚಕ್ರ ಇರುತ್ತವೆ. ವರ್ಷಕ್ಕೆರಡು ಸಲ ಬದಲಿಸುತ್ತಾರೆ, ಎರಡು ಸಲವೂ ಈ ದೀಪದ ಪ್ರಶ್ನೆ ಏಳುತ್ತದೆ. ಅಮೆರಿಕದಲ್ಲಿ 2007ರ ಸೆಪ್ಟೆಂಬರ್‌ನಿಂದ, ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಈ ದೀಪ ಕಡ್ಡಾಯ.

ಅಲ್ಲಿ ಚಳಿಯೂ ದೀಪ ಹತ್ತಿಸುತ್ತದೆ. ಗೇ-ಲುಸಾಕ್ ನಿಯಮ ನೆನಪಿಸಿಕೊಳ್ಳಿ: ಗಾತ್ರ ಬದಲಾಗದಿದ್ದರೆ ಒತ್ತಡವು ಕೆಲ್ವಿನ್ ಉಷ್ಣತೆಗೆ ಅನುಪಾತದಲ್ಲಿರುತ್ತದೆ. ಮಕ್ಕಳು ಎಡವುವುದು ಇಲ್ಲೇ. ಮಾಪಕ ತೋರಿಸುವ 33ಕ್ಕೆ ವಾಯುಮಂಡಲದ 14.7 ಸೇರಿಸಬೇಕು.

30 ಡಿಗ್ರಿ ಸೆಲ್ಸಿಯಸ್‌ನಲ್ಲಿ (303 ಕೆಲ್ವಿನ್) ಒಟ್ಟು ಒತ್ತಡ: 33 + 14.7 = 47.7
0 ಡಿಗ್ರಿಯಲ್ಲಿ (273 ಕೆಲ್ವಿನ್): 47.7 × 273 ÷ 303 = ಸುಮಾರು 43
ಮಾಪಕ ತೋರಿಸುವುದು: 43 − 14.7 = ಸುಮಾರು 28

ಒಂದು ತೊಟ್ಟು ಗಾಳಿ ಸೋರದೆ 5 ಪಿಎಸ್‌ಐ ಇಳಿಯಿತು! ಅಂದರೆ 10 ಡಿಗ್ರಿಗೆ ಸುಮಾರು ಒಂದೂವರೆ. ಆರು ತಿಂಗಳು ಮೂಲೆಯಲ್ಲಿಟ್ಟ ಚಕ್ರ ತಾನಾಗಿಯೂ ಸ್ವಲ್ಪ ಗಾಳಿ ಬಿಟ್ಟಿರುತ್ತದೆ. ಎರಡೂ ಸೇರಿದರೆ ದೀಪ ಹತ್ತುವುದು ಸಹಜ.

ಹಾಗಾದರೆ ಏನು ಮಾಡಬೇಕು?

• ದೀಪ ಹತ್ತಿದರೆ ಮೊದಲು ಮಾಪಕ ಹಿಡಿದು ಅಳೆಯಿರಿ. ಬೆಳಗ್ಗೆ, ಕಾರು ಓಡಿಸುವ ಮೊದಲು, ಟೈರು ತಣ್ಣಗಿರುವಾಗ. ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ.
• ಪರೋಕ್ಷ ವಿಧಾನದ ಕಾರಾದರೆ ಗಾಳಿ ಸರಿಮಾಡಿ ರೀಸೆಟ್ ಮಾಡಿ.
• ನೇರ ವಿಧಾನದ್ದಾದರೆ ದಾರಿ ಮೂರು: ಹಳೇ ಸೆನ್ಸರ್‌ಗಳನ್ನು ಹೊಸ ಚಕ್ರಕ್ಕೆ ಹಾಕಿಸುವುದು, ಹೊಸ ಸೆನ್ಸರ್ ಹಾಕಿಸಿ ಅವುಗಳ ಸಂಖ್ಯೆಯನ್ನು ಕಾರಿಗೆ ಕಲಿಸುವುದು, ಅಥವಾ ಹಳೇ ಸಂಖ್ಯೆಯನ್ನೇ ಹೊಸ ಸೆನ್ಸರ್‌ಗೆ ನಕಲು ಮಾಡಿಸುವುದು. ಕೆಲವು ಕಾರು ಸ್ವಲ್ಪ ದೂರ ಓಡಿದರೆ ತಾವೇ ಕಲಿಯುತ್ತವೆ, ಕೆಲವಕ್ಕೆ ಕಾರ್ಯಾಗಾರದ ಉಪಕರಣ ಬೇಕು.
• ಬ್ಯಾಟರಿ ಶಾಶ್ವತವಲ್ಲ, 5ರಿಂದ 10 ವರ್ಷ ಬರುತ್ತದೆ. ಹಳೇ ಸೆನ್ಸರ್ ಹಾಕಿಸುವ ಮೊದಲು ವಯಸ್ಸು ನೋಡಿ.
• ದೀಪದ ಮೇಲೆ ಟೇಪು ಅಂಟಿಸಬೇಡಿ. ಕೆಲವರು ನಾಲ್ಕೂ ಸೆನ್ಸರ್‌ಗಳನ್ನು ಪೈಪಿನೊಳಗೆ ಹಾಕಿ, ಗಾಳಿ ತುಂಬಿ ಡಿಕ್ಕಿಯಲ್ಲಿಡುವುದೂ ಉಂಟು. ಆಗ ಟೈರು ಪೂರ್ತಿ ಕೂತರೂ ಕಾರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ನಾನು ಅಟ್ಟದಿಂದ ಚಕ್ರ ಇಳಿಸಿ, ಅವುಗಳ ಸೆನ್ಸರ್‌ಗಳನ್ನೇ ಅಲಾಯ್ ಚಕ್ರಗಳಿಗೆ ಹಾಕಿಸಿದೆ. ಈಗ ಕಾರು ಚಾಲು ಮಾಡಿದರೆ ದೀಪ ಒಂದು ಕ್ಷಣ ಹತ್ತಿ ಆರುತ್ತದೆ. ಆರಿದ ದೀಪಕ್ಕೇ ಬೆಲೆ: ಆರಿರುವುದರಿಂದಲೇ ಅದು ನಾಳೆ ಹತ್ತಿದಾಗ ನನಗೆ ತಿಳಿಯುತ್ತದೆ.

ತರಗತಿಯಲ್ಲಿ ಕೇಳಬಹುದಾದ ಪ್ರಶ್ನೆಗಳು

1. ನಾಲ್ಕೂ ಟೈರಿನಲ್ಲಿ ಒಂದೇ ಸಮ ಗಾಳಿ ಇಳಿದರೆ, ಚಕ್ರಗಳನ್ನು ಒಂದಕ್ಕೊಂದು ಹೋಲಿಸುವ ಪರೋಕ್ಷ ವಿಧಾನಕ್ಕೆ ಅದು ತಿಳಿಯುತ್ತದೆಯೇ? ಯಾಕೆ?
2. ತುಂಬ ದೂರ ಓಡಿ ಬಿಸಿಯಾದ ಟೈರಿನ ಒತ್ತಡ ಅಳೆದು "ಜಾಸ್ತಿ ಇದೆ" ಎಂದು ಗಾಳಿ ಬಿಟ್ಟರೆ ಏನಾಗುತ್ತದೆ?
3. ನಿಮ್ಮ ಮನೆ, ಶಾಲೆಯಲ್ಲಿ ಸದಾ ಉರಿಯುತ್ತ ಯಾರೂ ನೋಡದ ಎಚ್ಚರಿಕೆ ದೀಪ ಯಾವುದಾದರೂ ಇದೆಯೇ? ಪಟ್ಟಿ ಮಾಡಿ ತನ್ನಿ.