ಟೆಕ್ಸಸ್‌ನಲ್ಲಿ ಮನೆ ಕೊಂಡಿರಾ? ಪ್ರೊಟೆಸ್ಟ್ ಹಾಕುವುದನ್ನು ಕಲಿಯಿರಿ

ಬೆಂಗಳೂರಿನಲ್ಲಿ ಮನೆ ಕಂದಾಯವನ್ನು ನಾವೇ ಲೆಕ್ಕ ಹಾಕಿ ಕಟ್ಟಿ ಅಭ್ಯಾಸ. ಫ್ರಿಸ್ಕೋದಲ್ಲೋ ಆಸ್ಟಿನ್‌ನಲ್ಲೋ ಮನೆ ಕೊಂಡ ನಮ್ಮವರು ಏಪ್ರಿಲ್‌ ಹೊತ್ತಿಗೆ ಬರುವ ನೋಟಿಸ್ ನೋಡಿ ಗಾಬರಿಯಾಗುವುದು ಅದಕ್ಕೇ. ಅಲ್ಲಿ ನಿಮ್ಮ ಮನೆಯ ಬೆಲೆಯನ್ನು ಅಪ್ರೈಸಲ್ ಡಿಸ್ಟ್ರಿಕ್ಟ್ ಎಂಬ ಕಚೇರಿ ಗೊತ್ತುಮಾಡುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯದ ವರಮಾನ ತೆರಿಗೆ ಇಲ್ಲ. ಶಾಲೆ, ಕೌಂಟಿ, ನಗರಗಳು ನೆಚ್ಚಿಕೊಂಡಿರುವುದು ಆಸ್ತಿ ತೆರಿಗೆಯನ್ನೇ, ಹಾಗಾಗಿ ಬಿಲ್ಲು ದೊಡ್ಡದು.

ಬೆಲೆ ಒಪ್ಪಿಗೆಯಾಗದಿದ್ದರೆ ತಕರಾರು ಸಲ್ಲಿಸಬಹುದು. ಅಲ್ಲಿಯವರ ಮಾತಿನಲ್ಲಿ ಇದು ಪ್ರೊಟೆಸ್ಟ್. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕೆಣಕಿದರೆ ಬೆಲೆ ಇನ್ನೂ ಏರಿಸಿಬಿಟ್ಟಾರು ಎಂಬ ಭಯವೂ ಬೇಡ. 2019ರ ಕಾನೂನಿನ ಪ್ರಕಾರ, ಬೆಲೆ ಹೆಚ್ಚಾಯಿತೆಂದು ನೀವು ಹಾಕಿದ ತಕರಾರಿನಲ್ಲಿ, ಅದನ್ನು ಕೇಳುವ ಮಂಡಳಿ ಬೆಲೆಯನ್ನು ಮತ್ತಷ್ಟು ಏರಿಸುವಂತಿಲ್ಲ.

ಹಂತ 1: ನೋಟಿಸನ್ನು ಸರಿಯಾಗಿ ಓದಿ

ಅದರಲ್ಲಿ ಎರಡು ಬೆಲೆಗಳಿರುತ್ತವೆ. ಒಂದು ಮಾರುಕಟ್ಟೆ ಬೆಲೆ: ಜನವರಿ 1ರಂದು ಮನೆ ಮಾರಿದ್ದರೆ ಎಷ್ಟು ಬರುತ್ತಿತ್ತು ಎಂಬ ಅಂದಾಜು. ಇನ್ನೊಂದು ಅಪ್ರೈಸ್ಡ್ ಬೆಲೆ. ತೆರಿಗೆಯ ಲೆಕ್ಕ ಶುರುವಾಗುವುದು ಇದರಿಂದ. ನೀವೇ ವಾಸವಿರುವ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ ಪಡೆದಿದ್ದರೆ ಈ ಎರಡನೆಯ ಬೆಲೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರುವಂತಿಲ್ಲ. (ಹೊಸದಾಗಿ ಕಟ್ಟಿಸಿಕೊಂಡ ಕೋಣೆ, ಈಜುಕೊಳಗಳ ಲೆಕ್ಕ ಬೇರೆ.)

ಮಾರುಕಟ್ಟೆ ಬೆಲೆ 6 ಲಕ್ಷ ಡಾಲರ್, ಮಿತಿಯ ದೆಸೆಯಿಂದ ಅಪ್ರೈಸ್ಡ್ ಬೆಲೆ 5 ಲಕ್ಷ ಎಂದಿಟ್ಟುಕೊಳ್ಳಿ. ಹೋರಾಡಿ 6 ಲಕ್ಷವನ್ನು 5 ಲಕ್ಷ 60 ಸಾವಿರಕ್ಕೆ ಇಳಿಸಿದರೂ ಈ ವರ್ಷ ಒಂದು ಡಾಲರೂ ಉಳಿಯುವುದಿಲ್ಲ. ಹೊಸದಾಗಿ ಕೊಂಡವರ ಕಥೆ ಹಾಗಲ್ಲ. ಹಳೆಯ ಮಾಲೀಕರ ಮಿತಿ ಅವರ ಜೊತೆಗೇ ಹೋಯಿತು. ನಿಮ್ಮದು ಶುರುವಾಗುವುದು ಹೋಮ್‌ಸ್ಟೆಡ್ ಸಿಕ್ಕ ಮರುವರ್ಷದಿಂದ. ಮುಂದಿನ ಶೇ 10ರ ಏರಿಕೆಗಳಿಗೆಲ್ಲ ಹೋಮ್‌ಸ್ಟೆಡ್ ಸಿಕ್ಕ ವರ್ಷದ ಬೆಲೆಯೇ ಬುನಾದಿ. ಬದುಕಿನಲ್ಲಿ ಒಂದೇ ಒಂದು ಸಲ ಪ್ರೊಟೆಸ್ಟ್ ಹಾಕುವುದಾದರೆ ಆ ವರ್ಷ ಹಾಕಿ.

ಹೋಮ್‌ಸ್ಟೆಡ್ ಅರ್ಜಿಯನ್ನೇ ಮರೆತಿದ್ದರೆ ಮೊದಲು ಅದನ್ನು ಸಲ್ಲಿಸಿ. 2025ರಿಂದ ಶಾಲಾ ತೆರಿಗೆಯ ಲೆಕ್ಕದಲ್ಲಿ ಮನೆ ಬೆಲೆಯಿಂದ 1,40,000 ಡಾಲರ್ ಕಳೆಯುತ್ತಾರೆ. ಡ್ರೈವಿಂಗ್ ಲೈಸೆನ್ಸಿನ ವಿಳಾಸವೂ ಮನೆಯ ವಿಳಾಸವೂ ಒಂದೇ ಇರಬೇಕು.

ಹಂತ 2: ಗಡುವಿನೊಳಗೆ ಅರ್ಜಿ

ಮೇ 15, ಇಲ್ಲವೇ ನೋಟಿಸ್ ಕಳಿಸಿದ ದಿನದಿಂದ 30 ದಿನ. ಯಾವುದು ತಡವೋ ಅದೇ ಗಡುವು. ದೊಡ್ಡ ಕೌಂಟಿಗಳಲ್ಲಿ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಫ್ರಿಸ್ಕೋ ಊರು ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿಕೊಂಡಿದೆ, ಆದ್ದರಿಂದ ನಿಮ್ಮ ಮನೆ ಯಾವ ಡಿಸ್ಟ್ರಿಕ್ಟಿಗೆ ಸೇರಿದ್ದೆಂದು ನೋಡಿಕೊಳ್ಳಿ. ಕಾರಣ ಕೇಳುವಲ್ಲಿ ಎರಡಕ್ಕೂ ಗುರುತು ಹಾಕಿ: ಬೆಲೆ ಮಾರುಕಟ್ಟೆಗಿಂತ ಹೆಚ್ಚು, ಬೆಲೆ ಇತರ ಮನೆಗಳಿಗೆ ಹೋಲಿಸಿದರೆ ಅಸಮಾನ. ಒಂದಕ್ಕೇ ಗುರುತು ಹಾಕಿ ಇನ್ನೊಂದು ಬಾಗಿಲನ್ನು ನೀವೇ ಮುಚ್ಚಿಕೊಳ್ಳಬೇಡಿ.

ಹಂತ 3: ಪುರಾವೆ

ಕೆಲಸವೆಲ್ಲ ಇರುವುದು ಇಲ್ಲಿ. ಹಿಯರಿಂಗಿಗೆ, ಅಂದರೆ ತಕರಾರಿನ ವಿಚಾರಣೆಗೆ, ತರಲಿರುವ ದಾಖಲೆಗಳನ್ನು ಕೊಡಿ ಎಂದು ಡಿಸ್ಟ್ರಿಕ್ಟನ್ನು ಬರವಣಿಗೆಯಲ್ಲಿ ಕೇಳಿ. ಹಿಯರಿಂಗಿಗೆ 14 ದಿನ ಮುಂಚೆ ಅವರು ಉಚಿತವಾಗಿ ಕೊಡಬೇಕು. ನೀವು ಕೇಳಿಯೂ ಅವರು ಕೊಡದ ದಾಖಲೆಯನ್ನು ಅಲ್ಲಿ ಬಳಸುವಂತಿಲ್ಲ. ಟೆಕ್ಸಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತೆಂಬುದು ಸರಕಾರಿ ದಾಖಲೆಯಲ್ಲಿ ಇರಬೇಕೆಂದಿಲ್ಲ. ಹೀಗಾಗಿ ಅವರ ಕಡತದಲ್ಲಿರುವ ಮಾರಾಟದ ವಿವರಗಳೇ ನಿಮಗೆ ಸಿಗುವ ಒಳ್ಳೆಯ ಮಾಹಿತಿ. ಮನೆ ಕೊಡಿಸಿದ ರಿಯಲ್ಟರ್ ಬಳಿಯೂ ಅಕ್ಕಪಕ್ಕದ ಮಾರಾಟಗಳ ಪಟ್ಟಿ ಕೇಳಿ.

ಇತ್ತೀಚೆಗಷ್ಟೇ ನೋಟಿಸಿನ ಬೆಲೆಗಿಂತ ಕಡಿಮೆಗೆ ಕೊಂಡಿದ್ದೀರಾ? ಕ್ಲೋಸಿಂಗ್ ಕಾಗದವೊಂದೇ ಬಹುಪಾಲು ಕೆಲಸ ಮುಗಿಸುತ್ತದೆ. ಇಲ್ಲದಿದ್ದರೆ ಅಸಮಾನತೆಯ ದಾರಿ ಹಿಡಿಯಿರಿ. ಎಲ್ಲರ ಮನೆಗೂ ಡಿಸ್ಟ್ರಿಕ್ಟ್ ಹಾಕಿದ ಮಾರುಕಟ್ಟೆ ಬೆಲೆ ಅದರ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಬಡಾವಣೆಯಲ್ಲೇ, ಹೆಚ್ಚುಕಡಿಮೆ ಅಷ್ಟೇ ವಿಸ್ತೀರ್ಣದ, ಅದೇ ವಯಸ್ಸಿನ ಕೆಲವು ಮನೆ ಆರಿಸಿ ಚದರಡಿ ಬೆಲೆ ತೆಗೆಯಿರಿ. ಒಂದಕ್ಕೆ ಈಜುಕೊಳವಿದ್ದು ನಿಮಗಿಲ್ಲದಿದ್ದರೆ ಅದರ ಬೆಲೆ ಕಳೆಯಿರಿ. ಬಂದ ಅಂಕಿಗಳನ್ನು ಏರಿಕೆಯ ಸಾಲಿನಲ್ಲಿಟ್ಟು ನಟ್ಟನಡುವಿನದನ್ನು ನೋಡಿ. ಕಾನೂನು ಕೇಳುವುದು ಸರಾಸರಿಯನ್ನಲ್ಲ, ಆ ನಡುವಿನ ಅಂಕಿಯನ್ನು.

ನಿಮ್ಮ ಮನೆಯ ದಾಖಲೆಯನ್ನೂ ನೋಡಿ. ವಿಸ್ತೀರ್ಣ, ಬಚ್ಚಲುಮನೆಗಳ ಸಂಖ್ಯೆ ತಪ್ಪಾಗಿ ದಾಖಲಾಗಿದ್ದರೆ ಗೆದ್ದಂತೆಯೇ. ಡಲ್ಲಾಸ್ ಸುತ್ತಲಿನ ಜೇಡಿಮಣ್ಣು ಹಿಗ್ಗಿ ಕುಗ್ಗಿ ತಳಪಾಯ ಬಿರುಕು ಬಿಡುವುದು ಮಾಮೂಲು. ಹಾಗಾಗಿದ್ದರೆ ಫೋಟೋ ತೆಗೆದು ಕಂಟ್ರಾಕ್ಟರ್‌ನಿಂದ ರಿಪೇರಿ ಅಂದಾಜು ಬರೆಸಿಕೊಳ್ಳಿ. ಆದರೆ ಲೆಕ್ಕಕ್ಕೆ ಬರುವುದು ಜನವರಿ 1ರ ಸ್ಥಿತಿ. ಏಪ್ರಿಲ್‌ನ ಆಲಿಕಲ್ಲಿಗೆ ಒಡೆದ ಸೂರು ಈ ವರ್ಷದ ವಾದಕ್ಕೆ ಒದಗದು.

ಹಂತ 4: ಮೊದಲ ಮಾತುಕತೆ

ಹಿಯರಿಂಗಿಗೆ ಮೊದಲು ಡಿಸ್ಟ್ರಿಕ್ಟಿನ ಅಪ್ರೈಸರ್ ಜೊತೆ ಮಾತಾಡುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಎಷ್ಟೋ ತಕರಾರುಗಳು ಇಲ್ಲಿಯೇ ಬಗೆಹರಿಯುತ್ತವೆ. ಒಪ್ಪಿ ಸಹಿ ಹಾಕಿದರೆ ಆ ವರ್ಷದ ಮಟ್ಟಿಗೆ ಮುಗಿದಂತೆ, ಆದ್ದರಿಂದ ಎಷ್ಟಕ್ಕೆ ಒಪ್ಪುತ್ತೀರೆಂದು ಮೊದಲೇ ಗಟ್ಟಿ ಮಾಡಿಕೊಂಡು ಹೋಗಿ.

ಹಂತ 5: ಹಿಯರಿಂಗ್

ಕೇಳುವವರು ಅಪ್ರೈಸಲ್ ರಿವ್ಯೂ ಬೋರ್ಡಿನವರು. ಅವರು ಡಿಸ್ಟ್ರಿಕ್ಟಿನ ನೌಕರರಲ್ಲ, ಅದೇ ಪ್ರದೇಶದ ನಿವಾಸಿಗಳು. ಮುಖತಃ ಹೋಗಬಹುದು, ಮೊದಲೇ ತಿಳಿಸಿದ್ದರೆ ಫೋನಿನಲ್ಲೂ ಹಾಜರಾಗಬಹುದು. ಪ್ರಮಾಣ ಮಾಡಿಸುತ್ತಾರೆ, ಸಿಗುವುದು ಕೆಲವೇ ನಿಮಿಷ. ಮೊದಲ ವಾಕ್ಯದಲ್ಲೇ ನಿಮ್ಮ ಅಂಕಿ ಹೇಳಿ, ಆಮೇಲೆ ಕಾರಣ. ನಮ್ಮವರಿಗೆ ಕಷ್ಟಸುಖ ತೋಡಿಕೊಳ್ಳುವ ಅಭ್ಯಾಸ: ಸಂಬಳ ಏರಿಲ್ಲ, ತೆರಿಗೆ ಏರಿದೆ, ಊರಿಗೆ ದುಡ್ಡು ಕಳಿಸಬೇಕು. ತೆರಿಗೆಯ ದರ ಆ ಮಂಡಳಿಯ ಕೈಯಲ್ಲಿಲ್ಲ, ಬೆಲೆ ಮಾತ್ರ ಇದೆ. ತಾವು ಹಾಕಿದ ಬೆಲೆ ಸರಿಯೆಂದು ತೋರಿಸುವ ಹೊಣೆ ಸಾಮಾನ್ಯವಾಗಿ ಡಿಸ್ಟ್ರಿಕ್ಟಿನದೇ.

ಇಷ್ಟಕ್ಕೆ ಪುರುಸೊತ್ತಿಲ್ಲವೆಂದರೆ ಏಜೆಂಟರಿದ್ದಾರೆ. ಉಳಿಸಿಕೊಟ್ಟ ತೆರಿಗೆಯಲ್ಲಿ ಪಾಲು ಕೇಳುತ್ತಾರೆ. ಒಂದೇ ಮನೆಯವರಿಗೆ ಅವರ ಅಗತ್ಯ ನನಗಂತೂ ಕಾಣುವುದಿಲ್ಲ.

ಹಂತ 6: ತೀರ್ಪು ಹಿಡಿಸದಿದ್ದರೆ

ಆದೇಶ ಕೈಗೆ ಬಂದ 60 ದಿನಗಳೊಳಗೆ ಮಧ್ಯಸ್ಥಿಕೆಗೆ ಅಥವಾ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. 5 ಲಕ್ಷ ಡಾಲರ್‌ವರೆಗಿನ ಹೋಮ್‌ಸ್ಟೆಡ್ ಮನೆಗೆ ಮಧ್ಯಸ್ಥಿಕೆಯ ಠೇವಣಿ 450 ಡಾಲರ್. ತೀರ್ಪು ನಿಮ್ಮ ಅಂಕಿಗೆ ಹತ್ತಿರವಿದ್ದರೆ ಅದರ ಬಹುಪಾಲು ವಾಪಸ್ ಬರುತ್ತದೆ. ವ್ಯಾಜ್ಯ ನಡೆಯುತ್ತಿದೆಯೆಂದು ತೆರಿಗೆ ಕಟ್ಟದೆ ಕೂರಬೇಡಿ. ವಿವಾದವಿಲ್ಲದ ಮೊತ್ತವನ್ನಾದರೂ ಜನವರಿ 31ರೊಳಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಬಾಕಿ ಉಳಿಸಿಕೊಂಡರೆ ಮುಂದುವರಿಯುವ ಹಕ್ಕೇ ತಪ್ಪಬಹುದು.