ಚಂದಾ ಕೊಟ್ಟಿದ್ದೀರಿ, ದೂರಿಗೆ ರಸೀದಿ ಕೇಳಿ

ತಮಿಳುನಾಡಿನ ಬಾಗಲೂರಿನ ಅಂಗಡಿ ಯಜಮಾನರಿಗೆ,

ಬೀದಿ ಕ್ಯಾಮೆರಾಕ್ಕೆ ನಾವೇ ಚಂದಾ ಹಾಕಿದೆವು, ಅಂಗಡಿಯ ಬೀಗ ಒಡೆದ ಕಳವಿನ ದೂರು ಮಾತ್ರ ಠಾಣೆಯಲ್ಲಿ ತೆಗೆದುಕೊಳ್ಳುತ್ತಿಲ್ಲ, ಪಂಚಾಯ್ತಿಯವರು ಕೇಳಬಾರದೇ ಎಂದಿದ್ದೀರಿ. ಕೇಳಲಿ, ತಪ್ಪಿಲ್ಲ, ಆದರೆ ಅವರಿಗೆ ಠಾಣೆಯ ಮೇಲೆ ಹಿಡಿತವಿಲ್ಲ. ಪೊಲೀಸರ ಸಂಬಳ ಬರುವುದು ಚೆನ್ನೈನ ಗೃಹ ಇಲಾಖೆಯಿಂದ. 2019ರಲ್ಲಿ ಮಹಾನಗರಪಾಲಿಕೆಯಾದ ಹೊಸೂರಿಗೂ ಠಾಣೆಯ ಮೇಲೆ ಅಧಿಕಾರವಿಲ್ಲ.

ದೂರನ್ನು ಬರೆದು ಕೊಟ್ಟು ಸಿಎಸ್‌ಆರ್ (ಠಾಣೆಯ ಸಮುದಾಯ ಸೇವಾ ದಾಖಲೆ ಪುಸ್ತಕ) ರಸೀದಿ ಕೇಳಿ. ಇಂಥ ಕಳವಿಗೆ ಎಫ್‌ಐಆರ್ ಆಗಲೇಬೇಕು. ಒಲ್ಲೆನೆಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರಡಿ ಅದನ್ನೇ ಕೃಷ್ಣಗಿರಿಯ ಎಸ್‌ಪಿಯವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ತಮಿಳು ಬರೆಯಲು ಬರುವುದಿಲ್ಲವೆಂಬ ಅಂಜಿಕೆ ಬೇಡ: ಸಂವಿಧಾನದ 350ನೇ ವಿಧಿಯಂತೆ ಕನ್ನಡದಲ್ಲೇ ಮನವಿ ಕೊಡಬಹುದು. ಆದರೂ ಜೊತೆಗೊಂದು ತಮಿಳು ಪ್ರತಿ ಇಟ್ಟರೆ ಕೆಲಸ ಬೇಗ ಸಾಗುತ್ತದೆ.

ಪೊಲೀಸರ ಮೇಲಿನ ದೂರು ಆಲಿಸುವ ಪೊಲೀಸ್ ದೂರು ಪ್ರಾಧಿಕಾರದ ಬಗ್ಗೆಯೂ ಕೇಳಿದ್ದೀರಿ. 2006ರಲ್ಲಿ ಪೊಲೀಸ್ ಸುಧಾರಣೆಯ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ನಿವೃತ್ತ ನ್ಯಾಯಾಧೀಶರ ನೇತೃತ್ವ ಬೇಕೆಂದಿತ್ತು. ತಮಿಳುನಾಡಿನ 2013ರ ಕಾಯ್ದೆ ಜಿಲ್ಲಾ ಪ್ರಾಧಿಕಾರವನ್ನು ಕಲೆಕ್ಟರರ ಕೈಗೆ ಕೊಟ್ಟಿತು. ಎಸ್‌ಪಿಯೂ ಅದರ ಸದಸ್ಯರು! ನನಗೆ ಅದರ ಮೇಲೆ ಭರವಸೆ ಕಡಿಮೆ.

ಠಾಣೆಯಲ್ಲಿ ಗದರಿಸಿದ್ದರೆ ದಿನ, ಹೊತ್ತು ಬರೆದಿಟ್ಟುಕೊಳ್ಳಿ. ಠಾಣೆಗಳೊಳಗೆ ಸಿಸಿಟಿವಿ ಇರಬೇಕೆಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ. ಆ ದೃಶ್ಯ ಅಳಿಸದಂತೆ ಕಾಯ್ದಿರಿಸಿ ಎಂದು ಎಸ್‌ಪಿಯವರ ಪತ್ರದಲ್ಲೇ ಸೇರಿಸಿ. ಮುಂದಿನ ಚಂದಾ ಕೇಳಲು ಬಂದಾಗ ಹಳೆಯದರ ಲೆಕ್ಕ ಕೇಳಿ.